ಹುಡುಗಿ ಹೇಳಿದ್ದು ಸರಿಯಾಗಿತ್ತು

ಮಾನ್ಯ ಸಂಪಾದಕರೇ,

ನಾನು ನೀರ್ಚಾಲಿನಲ್ಲಿ ಮೈಕ್ ಸೆಟ್ ಇಟ್ಟುಕೊಂಡವನು. ಆಟ, ತಾಳಮದ್ದಳೆ, ಮದುವೆ, ಎಲ್ಲದಕ್ಕೂ ಹೋಗುತ್ತೇನೆ. ಮೊನ್ನೆ ಒಂದು ವಿಜ್ಞಾನ ಮೇಳದಲ್ಲಿ ಪಕ್ಕದ ಮನೆಯ ಹುಡುಗಿಗೆ ಆದದ್ದನ್ನು ನೋಡಿದ ಮೇಲೆ ಸುಮ್ನೆ ಕೂರಲಾಗಲಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದುವ ಹುಡುಗಿ. ಹಳೆ ರೇಡಿಯೋದ ಸ್ಪೀಕರ್ ತಂದು, ಅದರ ಕೋನಿನ ನಡುವೆ ಒಂದು ಬಿದಿರ ಕಡ್ಡಿ ನಿಲ್ಲಿಸಿದ್ದಳು. ಕಡ್ಡಿಯ ಇನ್ನೊಂದು ತುದಿಗೆ ಬಜರಿನೊಳಗಿನ ಪೀಜೋ ಬಿಲ್ಲೆ (ಒತ್ತಿದರೆ ವೋಲ್ಟೇಜ್ ಕೊಡುವ, ವೋಲ್ಟೇಜ್ ಕೊಟ್ಟರೆ ಬಾಗುವ ತೆಳು ತಟ್ಟೆ) ಅಂಟಿಸಿದ್ದಳು. ಬಿಲ್ಲೆಯ ಅಂಚು ಮರದ ಚೌಕಟ್ಟಿಗೆ ಭದ್ರ. 'ಬ್ಯಾಟರಿ, ಡಯೋಡ್ ಇಲ್ಲದೆಯೂ ಸಿಗ್ನಲ್ ಒಂದೇ ಕಡೆಗೆ ಹೋಗುವಂತೆ ಮಾಡಬಹುದು' ಎಂದು ಚಾರ್ಟಿನಲ್ಲಿ ಬರೆದಿದ್ದಳು. ಡಯೋಡ್ ಎಂದರೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಭಾಗ. ಮಾರ್ಕು ಹಾಕಲು ಬಂದವರು "ಇದು ಸಾಧ್ಯವೇ ಇಲ್ಲ" ಎಂದು ಮುಂದೆ ಹೋದರು. ಬಸ್ಸಿನಲ್ಲಿ ವಾಪಸ್ ಬರುವಾಗ ಅವಳು ಒಂದು ಮಾತೂ ಆಡಲಿಲ್ಲ.

ಹಾಗೆ ಅನಿಸುವುದು ಸಹಜ. ಒಮ್ಮೆ ತಾಳಮದ್ದಳೆಯ ನಡುವೆ ಮೈಕ್ ಕೈಕೊಟ್ಟಾಗ ನಾನೇ ಮೈಕಿನ ಬದಲು ಒಂದು ಸಣ್ಣ ಸ್ಪೀಕರನ್ನು ಭಾಗವತರ ಮುಂದೆ ಇಟ್ಟು ಕೆಲಸ ನಡೆಸಿದ್ದೇನೆ. ದನಿ ಸ್ವಲ್ಪ ದಪ್ಪವಾಯಿತು, ಆದರೆ ಬಂತು. ಸ್ಪೀಕರ್ ಎರಡೂ ಕಡೆಗೆ ದುಡಿಯುತ್ತದೆ. ಎರಡು ಸ್ಪೀಕರುಗಳನ್ನು ಎದುರುಬದುರಾಗಿ ಕಡ್ಡಿಯಿಂದ ಜೋಡಿಸಿದರೂ ಅಷ್ಟೇ, ಆಚೆಯಿಂದ ಈಚೆಗೂ ಈಚೆಯಿಂದ ಆಚೆಗೂ ಒಂದೇ ಹಾಗೆ.

ಆದರೆ ಅವಳು ಜೋಡಿಸಿದ್ದು ಎರಡು ಬೇರೆ ಜಾತಿಯ ವಸ್ತುಗಳನ್ನು. ಸ್ಪೀಕರಿನಲ್ಲಿ ಕರೆಂಟಿನಿಂದ ಬಲ ಹುಟ್ಟುತ್ತದೆ, ಪೀಜೋದಲ್ಲಿ ವೋಲ್ಟೇಜಿನಿಂದ. ಇವೆರಡನ್ನು ಕೂಡಿಸಿದರೆ ಒಂದು ದಿಕ್ಕಿನಲ್ಲಿ ಸಿಗ್ನಲ್ ನೇರ ಬರುತ್ತದೆ, ಅದೇ ಅಳತೆಯ ಕರೆಂಟನ್ನು ಆ ಕಡೆಯಿಂದ ಕೊಟ್ಟರೆ ತಲೆಕೆಳಗಾಗಿ ಬರುತ್ತದೆ. ಪ್ಲಸ್ ಇದ್ದಲ್ಲಿ ಮೈನಸ್. ಅಮೆರಿಕದ ಎಡ್ವಿನ್ ಮೆಕ್‌ಮಿಲನ್ 1946ರಲ್ಲೇ ಇದನ್ನು ತೋರಿಸಿದ್ದರು. 1951ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು ಇವರೇ. 1948ರಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದ ಬರ್ನಾರ್ಡ್ ಟೆಲೆಗೆನ್ ಇಂಥ ಗುಣದ ಭಾಗಕ್ಕೆ 'ಗೈರೇಟರ್' ಎಂದು ಹೆಸರಿಟ್ಟರು.

ಇನ್ನು ಅದರ ಪಕ್ಕದಲ್ಲೇ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಭಾಗ) ಮೂಲಕ ಇನ್ನೊಂದು ದಾರಿ ಕೊಡಿ. ಹೋಗುವಾಗ ಎರಡು ದಾರಿಯ ಸಿಗ್ನಲ್ ಕೂಡಿಕೊಳ್ಳುತ್ತವೆ. ಬರುವಾಗ ಒಂದನ್ನೊಂದು ಅಳಿಸಿಬಿಡುತ್ತವೆ. ಒಮ್ಮುಖ ದಾರಿ ಆಯ್ತಲ್ವಾ? ಹಿಂದಕ್ಕೆ ಬಂದ ಶಕ್ತಿ ಮಾಯವಾಗುವುದಿಲ್ಲ, ರೆಸಿಸ್ಟರಿನಲ್ಲಿ ಬಿಸಿಯಾಗಿ ಮುಗಿಯುತ್ತದೆ. ಡಯೋಡ್ ಹಾಕಿದರೆ ದನಿಯ ಅರ್ಧ ಅಲೆಯೇ ಕತ್ತರಿಸಿ ಹೋಗುತ್ತದೆ, ಇಲ್ಲಿ ಅಲೆ ಇಡಿಯಾಗಿ ದಾಟುತ್ತದೆ. ಅಳತೆ ಹೊಂದಿಸುವುದು ಮಾತ್ರ ಜಾಸ್ತಿ ಕಷ್ಟ. ಕೋನಿನ ತೂಕ, ಬಿಲ್ಲೆಯ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಟ್ಟುಕೊಳ್ಳುವ ಗುಣ) ಅಡ್ಡ ಬರುತ್ತವೆ, ಎಲ್ಲ ಸ್ವರಕ್ಕೂ ಒಂದೇ ಹಾಗೆ ಸಿಗುವುದಿಲ್ಲ. ಮೊಬೈಲ್ ಟವರುಗಳಲ್ಲಿ ಫೆರೈಟ್ (ಕಬ್ಬಿಣದ ಆಕ್ಸೈಡಿನಿಂದ ಮಾಡಿದ ಕಾಂತೀಯ ವಸ್ತು) ಮತ್ತು ಅಯಸ್ಕಾಂತ ಇಟ್ಟು ಇದೇ ಒಮ್ಮುಖದ ಕೆಲಸ ಮಾಡಿಸುತ್ತಾರೆ.

ನನ್ನ ಅಂಗಡಿಯ ಹಳೆ ಆಸಿಲೋಸ್ಕೋಪಿನಲ್ಲಿ (ಸಿಗ್ನಲಿನ ಅಲೆಯನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ) ಆ ಭಾನುವಾರ ನಾವಿಬ್ಬರೂ ನೋಡಿದೆವು. ಸ್ಪೀಕರಿನಿಂದ ಕೊಟ್ಟಾಗ ಗೆರೆ ಮೇಲೆದ್ದ ಜಾಗದಲ್ಲೇ, ಪೀಜೋದಿಂದ ಕೊಟ್ಟಾಗ ಕೆಳಗಿಳಿಯಿತು. ಅವಳು ವೈರ್ ಬಿಚ್ಚಿ ಮತ್ತೆ ಜೋಡಿಸಿ ಮೂರು ಸಲ ನೋಡಿದಳು.

ಕಾಸರಗೋಡಿನ ನಮ್ಮ ಮಕ್ಕಳಿಗೆ ಇಂಥ ವಿಷಯ ಕನ್ನಡದಲ್ಲಿ ಓದಲು ಸಿಗುವುದು ಬಹಳ ಕಡಿಮೆ. ನಿಮ್ಮ ವಿಜ್ಞಾನ ಪುಟದಲ್ಲಿ ಇದರ ಬಗ್ಗೆ ಚಿತ್ರ ಸಮೇತ ಒಂದು ಲೇಖನ ಹಾಕಿ. ಚಿತ್ರ ಅವಳೇ ಬರೆದುಕೊಡುತ್ತಾಳೆ, ಕೇಳಿದ್ದೇನೆ.

– ಒಬ್ಬ ಮೈಕ್ ಸೆಟ್ ಕೆಲಸಗಾರ, ನೀರ್ಚಾಲು, ಕಾಸರಗೋಡು