ಇನ್ನೊಂದು ತುತ್ತು ಬೇಡ

ಟಿಳಕವಾಡಿ, ಬೆಳಗಾವಿ

ಚಿ. ಸಂಗಮೇಶನಿಗೆ ನಿನ್ನ ಕಾಕಾನ ಆಶೀರ್ವಾದಗಳು.

ನಿನ್ನ ಉಪ್ಪು ನೀರಿನ ಟ್ಯಾಂಕಿನ ಜೋಡಿ ಕ್ಲೌನ್ ಮೀನಿನ ವಿಡಿಯೋ ಕಳಿಸಿದ್ದೆಯಲ್ಲ, ಮೂರು ಸಲ ನೋಡಿದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಎಲ್ಲಕ್ಕೂ ಹೂಂ ಹೂಂ ಅಂತೀಯ, ಆಮೇಲೆ ಅರ್ಧ ಮರೆತುಬಿಡ್ತೀಯ. ಅದಕ್ಕೇ ಈ ಕಾಗದ. ಟ್ಯಾಂಕಿನ ಪಕ್ಕದಲ್ಲೇ ಇಟ್ಟುಕೋ.

ಮೊದಲು ಆ ಔಷಧದ ಬಾಟಲಿ ಕೆಳಗಿಡು. ಚಿಕ್ಕ ಮೀನು ಚಳಿಜ್ವರ ಬಂದವರ ಹಾಗೆ ನಡುಗುತ್ತದೆ, ಮೂರು ದಿನದಿಂದ ಸರಿಯಾಗಿ ತಿಂದಿಲ್ಲ ಅಂತ ಬರೆದಿದ್ದೀಯ. ವಿಡಿಯೋ ಇನ್ನೊಮ್ಮೆ ನೋಡು. ಅದು ನಡುಗುವುದು ಯಾವಾಗ? ದೊಡ್ಡದು ಹತ್ತಿರ ಬಂದಾಗ ಮಾತ್ರ. ಮೈ ಒಂದು ಕಡೆ ವಾಲಿಸಿ ಎರಡು ಸೆಕೆಂಡು ಗಡಗಡ ಅನ್ನುತ್ತದೆ, ದೊಡ್ಡದು ಆಚೆ ಹೋದ ಕೂಡಲೇ ಸರಿಯಾಗಿ ಈಜುತ್ತದೆ. ಅದು ಜ್ವರ ಅಲ್ಲ ಮಗಾ, ನಮಸ್ಕಾರ. ಕ್ಲೌನ್ ಮೀನುಗಳೆಲ್ಲ ಹುಟ್ಟುವಾಗ ಗಂಡೇ. ಜೋಡಿಯಲ್ಲಿ ಯಾವುದು ಮೇಲುಗೈ ಪಡೆದು ದೊಡ್ಡದಾಗುತ್ತದೋ ಅದು ಹೆಣ್ಣಾಗುತ್ತದೆ, ಮನೆಯ ಕಾರುಬಾರು ಅದರದೇ. ಚಿಕ್ಕದು ನಡುಗಿ ತೋರಿಸಿ ಜೀವ ಉಳಿಸಿಕೊಳ್ಳುತ್ತದೆ. (ನಿಮ್ಮ ಮನೆಯಲ್ಲೂ ಹೀಗೇ ಅಂತ ನಾನು ಬರೆದದ್ದು ವೈನಿಗೆ ತೋರಿಸಬೇಡ.)

ಊಟ ಬಿಟ್ಟಿದ್ದಕ್ಕೂ ಅದೇ ಕಾರಣ ಇರಬೇಕು. ನೀನು ಒಂದೇ ಮೂಲೆಗೆ ಹಾಕುತ್ತೀಯ, ದೊಡ್ಡದು ಅಲ್ಲೇ ಕಾವಲು ನಿಲ್ಲುತ್ತದೆ. ನಾಳೆಯಿಂದ ಎರಡು ಕೈಯಲ್ಲಿ ಎರಡು ತುದಿಗೆ ಒಮ್ಮೆಗೇ ಹಾಕು. ಚಿಕ್ಕದರ ಕಡೆ ಒಂದು ಕಾಳು ಬಿಟ್ಟು ನೋಡು. ಬಾಯಿಗೆ ತೆಗೆದುಕೊಂಡು ಉಗುಳಿದರೆ ಕಾಳು ದಪ್ಪವಾಗಿದೆ, ಇಲ್ಲವೇ ಗಟ್ಟಿಯಾಗಿದೆ. ಟ್ಯಾಂಕಿನದೇ ಒಂದು ಚಮಚ ನೀರಿನಲ್ಲಿ ಐದು ನಿಮಿಷ ನೆನೆಸಿ ಹಾಕು. ಅದರಲ್ಲಿ ಬೆಳ್ಳುಳ್ಳಿ ರಸ ಒಂದು ಹನಿ ಬೆರೆಸಿದರೆ ಕೆಲವು ಮೀನು ವಾಸನೆಗೆ ಬರುತ್ತವೆ. ಆದರೆ ಅದು ಔಷಧ ಅಂತ ಅಂಗಡಿಯವನು ಹೇಳಿದರೆ ನಂಬಬೇಡ. ಅರಿಶಿಣವಂತೂ ಬೇಡವೇ ಬೇಡ.

ಫ್ರೋಜನ್ ಮೈಸಿಸ್ ಸೀಗಡಿ ಅಂತ ಬರುತ್ತದೆ, ಕ್ಲೌನ್ ಮೀನಿಗೆ ಬಹಳ ಸೇರುತ್ತದೆ. ಆದರೆ ವೈನಿಯ ಫ್ರಿಜ್ಜಿನಲ್ಲಿ ಸೀಗಡಿಗೆ ಜಾಗ ಸಿಗುವ ಮಾತೇ ಇಲ್ಲ, ನೀನು ಕೇಳಲೂ ಬೇಡ. ಸಮುದ್ರದ ಮೀನಿಗೆಂದೇ ಮಾಡಿದ ಒಳ್ಳೆ ಪೆಲೆಟ್, ಅಂದರೆ ಒಣ ಕಾಳು, ಎರಡು ಬಗೆಯದು ತಂದು ಅದಲು ಬದಲು ಮಾಡಿ ಹಾಕು, ಸಾಕು.

ಇನ್ನು ಎಷ್ಟು ಹಾಕಬೇಕು ಅನ್ನುವುದು. ಇಲ್ಲೇ ನಮ್ಮ ಮಂದಿ ಎಡವುವುದು. ಹೊಟ್ಟೆ ತುಂಬಿತು ಅಂದರೂ ತಟ್ಟೆಗೆ ಇನ್ನೊಂದು ರೊಟ್ಟಿ ಬೀಳುವ ಊರು ನಮ್ಮದು. ಸಾಕು ಅಂತ ಕೈ ಅಡ್ಡ ಹಿಡಿಯಲು ಮೀನಿಗೆ ಕೈಯಿಲ್ಲ. ಉಳಿದದ್ದು ಮರಳಿನೊಳಗೆ ಸೇರಿ ಕೊಳೆತು ಅಮೋನಿಯಾ ಆಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ನೀರು ಕನ್ನಡಿಯ ಹಾಗೇ ಇರುತ್ತದೆ, ಮೀನಿನ ಕಿವಿರು ಮಾತ್ರ ಸುಡುತ್ತದೆ. ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಮೀನಿನ ಹೊಟ್ಟೆ ಹೆಚ್ಚು ಕಡಿಮೆ ಅದರ ಕಣ್ಣಿನಷ್ಟು ಅಂತ ಹೇಳುತ್ತಾರೆ, ಆ ಅಂದಾಜು ಸಾಕು. ಅವ್ವ ಹೊಂಡದ ಮೀನಿಗೆ ಹಾಕಿದ ಹಾಗೆ ಚುರಮರಿ ಹಾಕಲು ಬಂದರೆ ಡಬ್ಬಿಯಿಂದ ನಾಲ್ಕು ಪೆಲೆಟ್ ಎಣಿಸಿ ಅವಳ ಕೈಗೇ ಕೊಡು. ಹಾಕಿದ ಪುಣ್ಯವೂ ಅವಳಿಗೆ ಬರಲಿ.

ನನಗೆ ಇದು ಗೊತ್ತಾದದ್ದು ಮೂರು ಮೀನಿನಲ್ಲಿ ಎರಡನ್ನು ಕಳೆದುಕೊಂಡ ಮೇಲೆ. ಗೋಕಾಕದಲ್ಲಿ ಮದುವೆ, ಮೂರು ದಿನ. ಪಕ್ಕದ ಮನೆಯ ಹುಡುಗನ ಕೈಗೆ ಡಬ್ಬಿಯನ್ನೇ ಕೊಟ್ಟು ಹೋದೆ. ಪಾಪ, ಅವನು ಪ್ರೀತಿಯಿಂದಲೇ ಹಾಕಿದ್ದ. ಬಾಗಿಲು ತೆಗೆದರೆ ವಾಸನೆ, ಟ್ಯಾಂಕಿನ ನೀರು ಮಜ್ಜಿಗೆ. ಉಳಿದ ಒಂದು ಮೇಲ್ಗಡೆ ಬಾಯಿ ತೆರೆದು ಗಾಳಿ ನುಂಗುತ್ತಿತ್ತು. ತಪ್ಪು ನನ್ನದೇ. ಗಟ್ಟಿಯಾಗಿರುವ ದೊಡ್ಡ ಮೀನು ಮೂರು ನಾಲ್ಕು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಬಿಟ್ಟು ಹೋಗಲು ಮನಸ್ಸು ಬಾರದಿದ್ದರೆ ಒಂದೊಂದು ದಿನದ್ದು ಪೊಟ್ಟಣ ಕಟ್ಟಿಡು, ಡಬ್ಬಿ ಬಚ್ಚಿಡು.

ಈಗ ನಿಜವಾದ ರೋಗದ ಮಾತು. ಮೈಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಂಡರೆ ಅದು ಇಕ್, ಮೈಗೆ ಅಂಟುವ ಸಣ್ಣ ಹುಳದ ರೋಗ. ಕಡಲೆಹಿಟ್ಟು ಜರಡಿ ಹಿಡಿದ ಹಾಗೆ ಸಣ್ಣ ಧೂಳು ಕಂಡು, ಉಸಿರು ಏದುತ್ತಿದ್ದರೆ ವೆಲ್ವೆಟ್ ಅನ್ನುವ ರೋಗ. ಇದು ಒಂದೆರಡು ದಿನದಲ್ಲೇ ಮುಗಿಸಿಬಿಡುತ್ತದೆ, ಸಂಜೆ ನೋಡೋಣ ಅನ್ನಬೇಡ. ಇಕ್ ಮೋಸ ಮಾಡುವ ರೋಗ. ಚುಕ್ಕೆಗಳು ಕೆಲವು ದಿನದಲ್ಲಿ ತಾವೇ ಉದುರಿಹೋಗುತ್ತವೆ. ನಾನೂ ಒಮ್ಮೆ ವಾಸಿಯಾಯಿತು ಅಂತ ಪೇಡೆ ಹಂಚುವುದೊಂದು ಬಾಕಿ ಇಟ್ಟಿದ್ದೆ. ಅವು ಮರಳಿಗಿಳಿದು ಒಂದಕ್ಕೆ ನೂರಾಗಿ ಮತ್ತೆ ಮೇಲೆದ್ದವು. ಔಷಧ ತಾಮ್ರದ್ದು. ಅದನ್ನು ಬೇರೆ ಟಬ್ಬಿನಲ್ಲಿ ಮೀನು ಇಟ್ಟೇ ಕೊಡಬೇಕು, ತಾಮ್ರದ ಟೆಸ್ಟ್ ಕಿಟ್‌ನಿಂದ ದಿನಾ ಅಳತೆ ನೋಡಬೇಕು. ದೊಡ್ಡ ಟ್ಯಾಂಕಿಗೆ ಸುರಿದೆಯೋ, ನಿನ್ನ ಸೀಗಡಿ, ಬಸವನಹುಳು, ಹವಳ ಎಲ್ಲ ಸತ್ತ ಹಾಗೆ. ಆ ಟ್ಯಾಂಕು ಎರಡೂವರೆ ತಿಂಗಳು ಮೀನಿಲ್ಲದೆ ಇರಲಿ, ಮೀನು ಸಿಗದೆ ಆ ಹುಳ ತಾನೇ ಸಾಯುತ್ತದೆ. ನಿನ್ನ ಕೈಯಲ್ಲಿದ್ದ ಬಾಟಲಿ ಅದೇ ತಾಮ್ರದ್ದು, ವಿಡಿಯೋದಲ್ಲಿ ಚೀಟಿ ಓದಿದೆ.

ನಿಮ್ಮ ವಿಜಯಪುರದ ಬಿಸಿಲಿನದು ಬೇರೆ ಚಿಂತೆ. ನೀರು 24ರಿಂದ 27 ಡಿಗ್ರಿ ಒಳಗಿರಬೇಕು. ಹೊರಗೆ 40 ದಾಟಿದಾಗ ಸಣ್ಣ ಫ್ಯಾನು ನೀರಿನ ಮೇಲೆ ಬೀಸುವ ಹಾಗೆ ಇಡು, ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ನೀರು ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಅದಕ್ಕೇ ದಿನಾ ಕಡಿಮೆಯಾದಷ್ಟನ್ನು ಬರೀ ಆರ್‌ಓ ನೀರಿನಿಂದ ತುಂಬು, ಉಪ್ಪು ನೀರಿನಿಂದಲ್ಲ. ಉಪ್ಪಿನ ಅಳತೆ, ಅಂದರೆ ನೀರಿನ ಸಾಪೇಕ್ಷ ಸಾಂದ್ರತೆ, 1.025ರ ಆಸುಪಾಸು ಇರಲಿ. ಸಿಹಿನೀರಿನ ಮೀನು ನೀರು ಕುಡಿಯುವುದಿಲ್ಲ ಅಂದರೆ ನಡೆಯುತ್ತದೆ, ಸಮುದ್ರದ ಮೀನು ಮಾತ್ರ ಕುಡಿಯುತ್ತಲೇ ಇರಬೇಕು, ಯಾಕೆಂದರೆ ಉಪ್ಪು ನೀರು ಅದರ ಮೈಯಿಂದ ನೀರು ಎಳೆಯುತ್ತದೆ. ಉಪ್ಪು ಜಾಸ್ತಿಯಾದರೆ ಅದಕ್ಕೆ ನೀರಿನಲ್ಲೇ ಬಾಯಾರಿಕೆ. ಸವಳು ನೀರಿಗೆ ಬೈಯುತ್ತಿದ್ದ ಮನೆಯಲ್ಲಿ ಈಗ ದುಡ್ಡು ಕೊಟ್ಟು ನೀರಿಗೆ ಉಪ್ಪು ಬೆರೆಸುತ್ತಿದ್ದೀರಿ ಅಂತ ಅಣ್ಣ ನಗುತ್ತಿದ್ದ.

ಕಾರವಾರದಿಂದ ಕ್ಯಾನಿನಲ್ಲಿ ಸಮುದ್ರದ ನೀರು ತಂದರೆ ಆಗದೇ ಅಂತ ನೀನು ಕೇಳಿದ್ದೆ. ಬೇಡ. ಅಲ್ಲಿ ಕಾಳಿ ನದಿ ಬಂದು ಸೇರುತ್ತದೆ, ಮಳೆಗಾಲದಲ್ಲಿ ದಂಡೆಯ ನೀರಿನ ಉಪ್ಪು ಇಳಿಯುತ್ತದೆ, ದೋಣಿಯ ಡೀಸೆಲ್ ಬೇರೆ. ಸಮುದ್ರದ ಮೀನಿನ ಟ್ಯಾಂಕಿಗೆಂದೇ ಬರುವ ಪ್ಯಾಕೆಟ್ಟಿನ ಉಪ್ಪನ್ನೇ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಬೆರೆಸು, ಪಂಪು ಹಾಕಿ ಒಂದು ದಿನ ತಿರುಗಲು ಬಿಟ್ಟು ಆಮೇಲೆ ಬಳಸು. ಅಡುಗೆ ಉಪ್ಪು ನಡೆಯುವುದಿಲ್ಲ.

ನೀಲಿ ಟ್ಯಾಂಗ್ ತರುವ ಯೋಚನೆ ಬಿಡು. ಅದು ಒಂದು ಅಡಿ ಬೆಳೆಯುವ ಮೀನು, ನಿನ್ನದು 80 ಲೀಟರಿನ ಟ್ಯಾಂಕು.

ಉಪ್ಪು ಅಳೆಯುವ ನನ್ನ ಹಳೆ ರಿಫ್ರಾಕ್ಟೋಮೀಟರು ಸುಮ್ನೆ ಕೂತಿದೆ, ಶುಕ್ರವಾರ ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಸ್ಟ್ಯಾಂಡಿಗೆ ಹೋಗಿ ತೆಗೆದುಕೋ. ಬದಲಿಗೆ ವೈನಿಯ ಶೇಂಗಾ ಹಿಂಡಿ ಒಂದು ಡಬ್ಬಿ ಬರಲಿ. ಎರಡು ತುದಿಗೆ ಹಾಕಿದ ಮೇಲೆ ಚಿಕ್ಕದು ತಿಂತೋ ಇಲ್ಲೋ, ಅವತ್ತೇ ರಾತ್ರಿ ಫೋನ್ ಮಾಡು.

ನಿನ್ನ ಕಾಕಾ