ಹೆಸರಾಂತ ಕಾಲೇಜೋ, ಮಗುವಿಗೆ ಒಗ್ಗುವ ಕಾಲೇಜೋ: ದ್ವಿತೀಯ ಪಿಯುಸಿ ವಿದ್ಯಾರ್ಥಿಗಳ ಪೋಷಕರಿಗೆ ಪತ್ರ

ಬಾಗಲಕೋಟೆ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಸಿಇಟಿ ಫಲಿತಾಂಶ ಬಂದಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಆಪ್ಷನ್ ಎಂಟ್ರಿ ಇನ್ನೇನು ಆರಂಭವಾಗಲಿದ್ದು, ಯಾವ ಕಾಲೇಜನ್ನು ಮೊದಲು ಬರೆಯಬೇಕು, ಯಾವುದನ್ನು ಆಮೇಲೆ ಬರೆಯಬೇಕು ಎಂಬ ಚರ್ಚೆ ನಿಮ್ಮ ಮನೆಗಳಲ್ಲಿ ಈಗಾಗಲೇ ನಡೆದಿರುತ್ತದೆ. ಆ ಚರ್ಚೆಯಲ್ಲಿ ಕಾಲೇಜಿನ ಹೆಸರೊಂದೇ ಮಾತನಾಡಿ, ಓದಬೇಕಾದ ಮಗು ಸುಮ್ಮನೆ ಕುಳಿತಿರಬಾರದೆಂಬ ಕಳಕಳಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಹೆಸರಿಗೆ ಬೆಲೆಯೇ ಇಲ್ಲವೆಂದು ನಾನು ಹೇಳುವುದಿಲ್ಲ. ಹೆಸರಾಂತ ಕಾಲೇಜುಗಳಿಗೆ ಕ್ಯಾಂಪಸ್ ಆಯ್ಕೆಗಾಗಿ ಹೆಚ್ಚು ಕಂಪನಿಗಳು ಬರುತ್ತವೆ, ಓದಿನಲ್ಲಿ ಗಟ್ಟಿಯಾದ ಸಹಪಾಠಿಗಳು ಸಿಗುತ್ತಾರೆ. ಆದರೆ ಆ ಹೆಸರು ಯಾವುದರಿಂದ ಬಂತೆಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಕೇಂದ್ರ ಸರ್ಕಾರ 2016ರಿಂದ ಪ್ರಕಟಿಸುತ್ತಿರುವ ಎನ್‌ಐಆರ್‌ಎಫ್ ಎಂಬ ಶಿಕ್ಷಣ ಸಂಸ್ಥೆಗಳ ರ‍್ಯಾಂಕಿಂಗ್ ಪಟ್ಟಿಯಲ್ಲಿ ಎಂಜಿನಿಯರಿಂಗ್ ಸಂಸ್ಥೆಗಳ ಸಂಶೋಧನೆಗೆ ಶೇ 30ರಷ್ಟು ಮಹತ್ವವಿದೆ. ಸಂಶೋಧನೆ ಸಂಸ್ಥೆಗೆ ಕೀರ್ತಿ ತರುತ್ತದೆ, ನಿಜ. ಮೊದಲ ಸೆಮಿಸ್ಟರಿನ ಗಣಿತದಲ್ಲಿ ತಡವರಿಸುವ ನಿಮ್ಮ ಮಗನಿಗೆ ಅಲ್ಲಿ ಯಾರು ಕುಳಿತು ಹೇಳಿಕೊಡುತ್ತಾರೆಂಬುದು ಮಾತ್ರ ಆ ಪಟ್ಟಿಯಿಂದ ತಿಳಿಯುವುದಿಲ್ಲ. ತಾಂತ್ರಿಕ ಕೋರ್ಸುಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಬಿಎ) ಮಾನ್ಯತೆ ಇಡೀ ಕಾಲೇಜಿಗಲ್ಲ, ಒಂದೊಂದು ಕೋರ್ಸಿಗೆ ಪ್ರತ್ಯೇಕವಾಗಿ ಸಿಗುವಂಥದ್ದು. ಮಗು ಸೇರುವ ವಿಭಾಗಕ್ಕೇ ಅದು ಇದೆಯೇ ಎಂದು ನೋಡಿಕೊಳ್ಳಿ.

1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜು ಬೆಂಗಳೂರಿನಲ್ಲಿರಲಿ, ನಮ್ಮ ಬಾಗಲಕೋಟೆಯಲ್ಲಿರಲಿ, ಪದವಿ ಕೊಡುವುದು ಅದೇ ವಿಶ್ವವಿದ್ಯಾಲಯ. ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ ಉಳಿದೆಡೆ ಪಠ್ಯಕ್ರಮವೂ ಪ್ರಶ್ನೆಪತ್ರಿಕೆಯೂ ಒಂದೇ. ಹೀಗಿರುವಾಗ ಎರಡು ಸಾಧಾರಣ ಕಾಲೇಜುಗಳ ನಡುವೆ ಬೆಂಗಳೂರೆಂಬ ಒಂದೇ ಕಾರಣಕ್ಕೆ ದೂರದ್ದನ್ನು ಆರಿಸಿ, ಪಿ.ಜಿ. ಬಾಡಿಗೆಗೂ ಊಟಕ್ಕೂ ಸಾಲ ಮಾಡುವುದು ನನಗೆ ಸರಿಕಾಣುವುದಿಲ್ಲ.

ಕಳೆದ ವಾರ ಒಬ್ಬ ತಂದೆ ಮಗಳೊಂದಿಗೆ ನನ್ನ ಕೊಠಡಿಗೆ ಬಂದಿದ್ದರು. ಅವರ ಮೊಬೈಲಿನಲ್ಲಿ ವಾಟ್ಸ್ಆ್ಯಪ್‌ಗೆ ಬಂದ ಕಾಲೇಜುಗಳ ಪಟ್ಟಿಯಿತ್ತು. ಯಾವ ಬ್ರಾಂಚ್ ಎಂಬ ಕಾಲಂ ಪೂರ್ತಿ ಖಾಲಿಯಿತ್ತು. ನಿನಗೆ ಏನು ಓದಬೇಕೆನಿಸುತ್ತದೆ ಎಂದು ಮಗಳನ್ನು ಕೇಳಿದೆ. ಅವಳು ತಂದೆಯ ಮುಖ ನೋಡಿ, ತಡೆದು, ತಮ್ಮ ದಾಳಿಂಬೆ ತೋಟಕ್ಕೆ ಬರುವ ದುಂಡಾಣು ಅಂಗಮಾರಿ ರೋಗದ ಮಾತು ತೆಗೆದಳು. ಎಲೆಯ ಮೇಲೆ ನೀರು ಕುಡಿದಂಥ ಚುಕ್ಕೆ ಮೊದಲು ಹೇಗೆ ಕಾಣುತ್ತದೆ, ಕಾಯಿ ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಹೇಗೆ ಬಿರಿಯುತ್ತದೆ, ರೋಗ ತಗುಲಿದ ಟೊಂಗೆ ಕತ್ತರಿಸಿದ ಮೇಲೆ ಕತ್ತರಿಯನ್ನು ಏಕೆ ಶುಚಿಗೊಳಿಸಬೇಕು ಎಂಬುದನ್ನೆಲ್ಲ ಒಂದೇ ಉಸಿರಿಗೆ ವಿವರಿಸಿದಳು. ತರಗತಿಯಲ್ಲಿ ಅವಳು ಅಷ್ಟು ಮಾತನಾಡಿದ್ದನ್ನು ನಾನು ಕಂಡಿರಲಿಲ್ಲ. ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ 2008ರಿಂದ ನಮ್ಮ ಊರಿನಲ್ಲೇ ಇದೆ. ಅದನ್ನು ಹೇಳಿದಾಗ ತಂದೆ, “ಊರಾಗ ಓದಿದ್ರ ಮಂದಿ ಏನಂದಾರ್ರೀ ಸರ?” ಎಂದರು. ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೆವರು ಸುರಿಸಿ ಮಕ್ಕಳನ್ನು ಓದಿಸುವವರಿಗೆ ನಾಲ್ಕು ಜನರೆದುರಿನ ಮರ್ಯಾದೆಯೂ ಮುಖ್ಯವೇ. ಆದರೂ ಆ ಹುಡುಗಿಯ ಪಟ್ಟಿಯಲ್ಲಿ ತೋಟಗಾರಿಕೆಯೇ ಮೊದಲು ಇರಬೇಕೆಂದು ಅವರಿಗೆ ಸ್ಪಷ್ಟವಾಗಿ ಹೇಳಿದೆ.

ಹಾಗೆಂದು ಎಲ್ಲ ಮಕ್ಕಳಿಗೂ ಊರೇ ಒಗ್ಗುತ್ತದೆಂದು ತಿಳಿಯಬೇಡಿ. ಗಣಿತದಲ್ಲಿ ನಿಜವಾದ ಹಸಿವಿರುವ, ತನಗಿಂತ ಜಾಣರ ನಡುವೆ ಕುಳಿತಾಗಲೇ ಅರಳುವ ಮಕ್ಕಳು ನಮ್ಮಲ್ಲಿದ್ದಾರೆ. ಅಂಥವರಿಗೆ ದೂರದ ಒಳ್ಳೆಯ ಕಾಲೇಜಿನ ಸೀಟು ಸಿಗುವಂತಿದ್ದರೆ ಕಳುಹಿಸಿ. ಹೆಣ್ಣುಮಗಳೆಂಬ ಕಾರಣಕ್ಕೆ ತಡೆಯಬೇಡಿ.

ಸೀಟು ಹಂಚಿಕೆಯಲ್ಲಿ ರ‍್ಯಾಂಕಿನ ಜೊತೆಗೆ ನೀವು ಬರೆದ ಕ್ರಮವೂ ಲೆಕ್ಕಕ್ಕೆ ಬರುತ್ತದೆ. ಮೇಲೆ ಬರೆದದ್ದು ಸಿಕ್ಕಿತೆಂದರೆ ಕೆಳಗಿನದನ್ನು ನೋಡುವುದೇ ಇಲ್ಲ. ಆದ್ದರಿಂದ ಮಗುವಿಗೆ ಮನಸ್ಸಿಲ್ಲದ್ದನ್ನು ಹೆಸರಿಗಾಗಿ ಮೇಲೆ ಬರೆಯಬೇಡಿ. ನಿಜವಾದ ಹಂಚಿಕೆಗೆ ಮೊದಲು ಯಾವ ಸೀಟು ಸಿಗಬಹುದೆಂದು ತೋರಿಸುವ ಅಣಕು ಹಂಚಿಕೆಯಾದ ಬಳಿಕ ಕ್ರಮವನ್ನು ಬದಲಿಸಲು ಅವಕಾಶವಿರುತ್ತದೆ.

ಬರುವ ಶನಿವಾರ ಮಧ್ಯಾಹ್ನ ಕಾಲೇಜಿನ ಸಭಾಂಗಣದಲ್ಲಿ ಉಪನ್ಯಾಸಕರೆಲ್ಲರೂ ನಿಮಗಾಗಿ ಕಾದಿರುತ್ತಾರೆ. ಮಗ ಅಥವಾ ಮಗಳನ್ನು ಜೊತೆಗೆ ಕರೆತನ್ನಿ. ಪಟ್ಟಿಯನ್ನು ಅವರ ಕೈಯಿಂದಲೇ, ಬ್ರಾಂಚ್ ಸಹಿತ ಬರೆಸಿ ತನ್ನಿ.

ತಮ್ಮ ವಿಶ್ವಾಸಿ,
ಪ್ರಾಂಶುಪಾಲರು