ಭಾನುವಾರದ ಬಿಪಿ ತಪಾಸಣೆ: ಫಾರ್ಮಿನಲ್ಲಿ ಏಣಿ ಯಾಕೆ?

ಎಲ್ಲರಿಗೂ ನಮಸ್ಕಾರ. ಬಿಪಿ ತಪಾಸಣೆಗೆ ತುಂಬುವ ಫಾರ್ಮಿನಲ್ಲಿ ಏಣಿ ಚಿತ್ರ ಯಾಕೆ ಅಂತ ನಿನ್ನೆಯಿಂದ ಕೇಳ್ತಿದ್ದೀರಿ. ಈ ಏಣಿ ಅಂದ್ರೆ ನಮ್ಮ ಸಮಾಜ: 10 ಮೆಟ್ಟಿಲು, ಹಣ, ಓದು, ಕೆಲಸದಲ್ಲಿ ಮುಂದಿರುವವರು ಮೇಲೆ, ಹಿಂದಿರುವವರು ಕೆಳಗೆ. ನೀವೆಲ್ಲಿದ್ದೀರಿ ಅನ್ನಿಸುತ್ತೋ ಅಲ್ಲಿ ಗುರುತು ಹಾಕಿ. ಸಂಬಳದ ಚೀಟಿ ಯಾರೂ ಕೇಳಲ್ಲ.

ಇದು ಅಮೆರಿಕದ ಮನಶ್ಶಾಸ್ತ್ರಜ್ಞೆ ನ್ಯಾನ್ಸಿ ಆಡ್ಲರ್ ತಂಡದ ಅಳತೆ. ನಾವೆಲ್ಲಿದ್ದೇವೆ ಅನ್ನಿಸುವುದಕ್ಕೂ ಆರೋಗ್ಯಕ್ಕೂ ನಂಟಿದೆಯಾ ಅಂತ ನೋಡೋಕೆ ಬಳಸ್ತಾರೆ. 2008ರಲ್ಲಿ ಪ್ರಕಟವಾದ, ಇದೇ ಏಣಿ ಬಳಸಿದ ಮನಶ್ಶಾಸ್ತ್ರಜ್ಞ ಶೆಲ್ಡನ್ ಕೋಹೆನ್ ತಂಡದ ಅಧ್ಯಯನದಲ್ಲಿ 193 ಆರೋಗ್ಯವಂತರ ಮೂಗಿಗೆ ವೈರಸ್ ಹನಿ ಬಿಟ್ಟು (ಪಾಪ!) ನೋಡಿದರು. ತಮ್ಮನ್ನು ಕೆಳಗಿನ ಮೆಟ್ಟಿಲಲ್ಲಿ ಕಂಡುಕೊಂಡವರಿಗೇ ನೆಗಡಿ ಹೆಚ್ಚು. ನಿಜವಾದ ಆದಾಯ, ಓದು ಲೆಕ್ಕ ಹಾಕಿದ ಮೇಲೂ. ನಿದ್ದೆಗೆಟ್ಟಿದ್ದೂ ಒಂದು ಕಾರಣವಿರಬಹುದು. ಹಾಗಂತ ಕಷ್ಟವೆಲ್ಲ ಮನಸ್ಸಿನದ್ದೇ ಅನ್ನಬೇಡಿ. ಬಾಡಿಗೆ, ಔಷಧಿ ಬಿಲ್ಲು ಭ್ರಮೆಯಲ್ಲ.

ಹೆಸರು ಬರೆಯಬೇಡಿ, ಪಕ್ಕದವರ ಹಾಳೆ ಇಣುಕಬೇಡಿ. ಕಾಫಿ ತಪಾಸಣೆ ಆದಮೇಲೆ.